ನೀರಲ್ಲಿ ನೋವಿರಲ್ಲ

ಅಂಗಿಯ ಎಡತೋಳು ಹೇಗೋ ಏರಿತು. ಗಂಡನ ಸೆಟೆದ ಬಲಮೊಣಕೈಯನ್ನು ಹೆಂಡತಿ ಮೆಲ್ಲಗೆ ಒತ್ತಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಅವಳ ಮಾತಿಗೆ ಬಗ್ಗಿದ್ದು ಒಂದೇ ಸಲ, ಇವತ್ತು ಬಗ್ಗುತ್ತಾನೆಯೇ?

ಮುಳುಗಿದವರ ಹೆಣ ತೆಗೆಯುವುದು ಅವನ ಕಸುಬು. ನಿನ್ನೆ ಯಾರನ್ನೋ ಹುಡುಕಲು ಅಣೆಕಟ್ಟಿನ ನೀರಿಗೆ ಇಳಿದವನು ತಾನೇ ಹೆಣವಾಗಿ ಬಂದಿದ್ದ. ದೋಣಿಯಲ್ಲಿ ಕುಳಿತು ಅವನ ಸೊಂಟದ ಹಗ್ಗ ಹಿಡಿಯುತ್ತಿದ್ದ ಕುಳ್ಳ ಬಾಗಿಲಲ್ಲಿ ನಿಂತಿದ್ದ.

"ಎಷ್ಟು ಸಲ ಎಳೆದ್ರು?" ಅವಳು ಕೇಳಿದಳು. ಮೂರು ಸಲ ಎಳೆದರೆ ಮೇಲೆತ್ತು ಎಂದರ್ಥ.

"ಒಂದ್ ಸಲಾನೂ ಇಲ್ಲ ಅತ್ತಿಗೆ. ಹಗ್ಗ ಅಲ್ಲಾಡ್ಲೇ ಇಲ್ಲ." ಕುಳ್ಳ ನೆಲ ನೋಡಿದ. "ನೀರಲ್ಲಿ ನೋವಿರಲ್ಲ. ಮೊದಲು ನಿದ್ದೆ ಬರುತ್ತೆ, ನೀರು ಆಮೇಲೆ."

ಆ ಮಾತು ಕಟ್ಟಿದವಳು ಅವಳೇ.

*

ಮದುವೆಯಾದ ಹೊಸತು. ಹುಡುಗಿಯೊಬ್ಬಳ ಹೆಣ ತೆಗೆದು ಬಂದವನು ಊಟದ ತಟ್ಟೆ ದೂರ ಸರಿಸಿದ್ದ.

"ಮಗಳಿಗೆ ತುಂಬಾ ನೋವಾಯ್ತಾ ಅಂತ ಆ ತಾಯಿ ಕೇಳಿದ್ಲು. ಗೂಬೆ ಥರ ನಿಂತಿದ್ದೆ."

"ನಿಜವಾಗ್ಲೂ ಏನಾಗುತ್ತೆ?"

"ಯಾರಿಗ್ ಗೊತ್ತು? ಸತ್ತೋರು ಬಂದು ಹೇಳ್ತಾರಾ?"

"ಗೊತ್ತಿಲ್ಲ ಅಂದ್ಮೇಲೆ ಒಳ್ಳೇದನ್ನೇ ಹೇಳಿ. ಸುಳ್ಳು ಅಂತ ಯಾರು ಹಿಡೀತಾರೆ?"

ಪಾತ್ರೆ ತೊಳೆಯುತ್ತಲೇ ಅವಳು ಮಾತು ಜೋಡಿಸಿ ಕೊಟ್ಟಳು. ಅವನು ಪಾಠ ಒಪ್ಪಿಸುವಂತೆ ಎರಡು ಸಲ ಹೇಳಿ, ತಟ್ಟೆ ಹತ್ತಿರ ಎಳೆದುಕೊಂಡ. ಆಮೇಲೆ ಎಷ್ಟು ತಾಯಂದಿರು ಆ ಮಾತು ನಂಬಿ ಉಸಿರು ಬಿಟ್ಟರೋ. ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

*

ಬಲಮುಷ್ಟಿ ಬಿಗಿದಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎರಡು ಉಗುರು ಕಿತ್ತುಬಂದಿದ್ದವು. ಉಳಿದವುಗಳ ಸಂದಿಯಲ್ಲಿ ಹಗ್ಗದ ನೀಲಿ ಎಳೆಗಳು.

ಅವಳು ತಲೆಯೆತ್ತಿದಳು. ಕುಳ್ಳನೂ ಆ ಎಳೆಗಳನ್ನು ನೋಡಿದ್ದ.

"ಸಿಗರೇಟ್ ಹಚ್ಚೋಕೆ ಹಗ್ಗ ಕೆಳಗಿಟ್ಟೆ. ಒಂದೇ ನಿಮಿಷ ಅತ್ತಿಗೆ."

ಅವಳಿಗೆ ಅವನ ಕತ್ತು ಹಿಸುಕಿಬಿಡಬೇಕೆನಿಸಿತು. ಅಷ್ಟರಲ್ಲಿ ಕಣ್ಣು ಕಾಣದ ಅತ್ತೆ ಗೋಡೆ ಹಿಡಿದು ಒಳಗೆ ಬಂದರು.

"ನನ್ ಮಗ ಒದ್ದಾಡಿದ್ನೇನೇ?"

"ಕುಳ್ಳ ಇದಾನೆ ಅತ್ತೆ. ಅವನೇ ಹೇಳ್ತಾನೆ." ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಹೇಳು. ಪೂರ್ತಿ ಹೇಳು."

"ನೀರಲ್ಲಿ ನೋವಿರಲ್ಲ," ಕುಳ್ಳ ಶುರುಮಾಡಿದ. ನಿದ್ದೆಯ ಮಾತಿನವರೆಗೆ ಬಂದು ನಿಂತ. ಅವಳು ಕಾದಳು, ಅವನು ಮುಗಿಸಿದ.

ಅತ್ತೆ ಕಣ್ಣೊರೆಸಿಕೊಂಡರು. "ಹಗ್ಗ ಹಿಡ್ಕೊಂಡು ನೀನಾದ್ರೂ ಜೊತೇಲಿದ್ಯಲ್ಲಪ್ಪ. ಅಷ್ಟೇ ಸಾಕು. ನೂರು ವರ್ಷ ಬಾಳು."

ಆಮೇಲೆ ಮಗನ ಕೈಗಾಗಿ ತಡಕಾಡಿದರು. ಅವಳು ಬಲಗೈಯನ್ನು ಹೊದಿಕೆಯೊಳಗೆ ತೂರಿಸಿ, ಎಡಗೈಯನ್ನು ಅವರ ಅಂಗೈಯಲ್ಲಿಟ್ಟಳು.