ಅಟ್ಟ ಕೊಯ್ದ ಟ್ರೈಫೀನಾ

ಮೇಜು ಟ್ರೈಫೀನಾಳಿಗೆ ಎಂದು ಅಪ್ಪ ಸಾಯುವ ಮುಂಚೆ ಎಲ್ಲರೆದುರೇ ಹೇಳಿದ್ದ. ಕೆಳಗೆ ಮುಚ್ಚಳ ಇಳಿಸಿ ಬರೆಯುವ ಮೇಜು, ಅದರ ಮೇಲೆ ಬಾಗಿಲಿರುವ ಪುಸ್ತಕದ ಕಪಾಟು, ಕಪಾಟಿನ ನೆತ್ತಿಗೆ ಕೆತ್ತಿದ ಕಿರೀಟ. ಅಮೆರಿಕದ ಕನೆಕ್ಟಿಕಟ್ ಕಣಿವೆಯ ಆ ಊರಲ್ಲಿ ಚೆರ್ರಿ ಮರದ ಅಂಥ ಕೆಲಸ ಪಾದ್ರಿಯ ಮನೆ ಬಿಟ್ಟರೆ ಇವರಲ್ಲೇ ಇದ್ದದ್ದು. ತಮ್ಮ ಎಲೈಹುವಿಗೆ ಅದನ್ನು ಬಿಟ್ಟುಕೊಡಲು ಸುತರಾಂ ಮನಸ್ಸಿರಲಿಲ್ಲ.

“ಅಕ್ಕಾ, ನಿನಗೆ ಓದೋಕೆ ಬರುತ್ತೆ, ಬರೆಯೋಕೆ ಬರಲ್ಲ. ಬರೆಯೋ ಮೇಜು ತಗೊಂಡು ಅದರ ಮೇಲೆ ಹಿಟ್ಟು ನಾದ್ತೀಯಾ?”

ಮಾತು ನಾಟಿತು. ಹೆಣ್ಣುಮಕ್ಕಳಿಗೆ ಬೈಬಲ್ ಓದುವಷ್ಟು ಕಲಿಸಿ ಊರು ಕೈ ತೊಳೆದುಕೊಳ್ಳುತ್ತಿತ್ತು, ಲೇಖನಿ ಗಂಡುಮಕ್ಕಳದು. ಎಲೈಹು ಅದೇ ಮೇಜಿನಲ್ಲಿ ಅಕ್ಷರ ತಿದ್ದುವಾಗ ಅವಳು ಪಕ್ಕದಲ್ಲೇ ಉಣ್ಣೆ ನೂಲುತ್ತಿದ್ದಳು. ಆಗಿನ ಹೊಟ್ಟೆಕಿಚ್ಚು ನಲವತ್ತು ದಾಟಿದರೂ ಆರಿರಲಿಲ್ಲ.

“ನೀನೇ ಕಲಿಸು,” ಎಂದಳು.

ಎಲೈಹು ನಕ್ಕುಬಿಟ್ಟ. “ನಿನ್ನ ಮನೆ ಅಟ್ಟ ನನ್ನ ತಲೆಗೇ ತಾಗುತ್ತೆ. ಇದನ್ನ ಒಂದು ಚೂರೂ ಕೊಯ್ಯದೆ ಅಲ್ಲಿ ನಿಲ್ಲಿಸು ನೋಡೋಣ. ನಿಲ್ಲಿಸಿದ್ರೆ ಮೇಜು ನಿಂದು, ನಾನೇ ಬಂದು ಕಲಿಸ್ತೀನಿ. ಆಗ್ದಿದ್ರೆ ವಾಪಸ್ ಕಳ್ಸು.”

“ಗುರುವಾರ ಬಾ.”

ಎತ್ತಿನ ಗಾಡಿಯಲ್ಲಿ ಮೇಜು ಬಂತು. ಅದರ ಮೇಲೆ ಕಪಾಟು ಎತ್ತಿಡಲು ಹೋದರೆ ಕಿರೀಟ ಅಟ್ಟಕ್ಕೆ ಬಡಿಯಿತು. ಗಂಡ ಆಸಹೆಲ್ ಗರಗಸ ತಂದ.

“ಕಾಲು ಕೊಯ್ದುಬಿಡೋಣ ಕಣೇ. ಊರವರೆಲ್ಲ ಹಾಗೇ ಮಾಡ್ತಾರೆ. ನಿನ್ನ ತಮ್ಮ ಏನು ಬಗ್ಗಿ ನೋಡ್ತಾನಾ?”

“ಅವನು ನೋಡದಿದ್ರೂ ನಾನು ನೋಡ್ತೀನಲ್ಲ. ಕೊಡಿ ಇಲ್ಲಿ.”

ಗರಗಸ ಕಿತ್ತುಕೊಂಡು ಮೆಟ್ಟಿಲು ಹತ್ತಿದಳು. ಮೇಲಿರುವುದು ಅವರು ಮಲಗುವ ಕೋಣೆ. ಕೆಳಗಿನ ಅಟ್ಟವೇ ಅದರ ನೆಲ. ಮಂಚ ಆಚೆ ತಳ್ಳಿ, ಎರಡು ತೊಲೆಗಳ ನಡುವಿನ ಹಲಗೆಗೆ ಬೈರಿಗೆಯಿಂದ ತೂತು ಕೊರೆದು, ಗರಗಸ ತೂರಿಸಿದಳು.

“ಹುಚ್ಚು ಹಿಡೀತಾ ನಿನಗೆ? ಚಳಿಗಾಲಕ್ಕೆ ಏನು ಗತಿ?”

“ಕೆಳಗಿನ ಒಲೆ ಬಿಸಿ ಮೇಲಕ್ಕೆ ಬರುತ್ತೆ. ಬೆಚ್ಚಗೆ ಮಲಗಿ.”

ಆಸಹೆಲ್ ಒಂದಷ್ಟು ಹೊತ್ತು ಗೊಣಗಿದ. ಅವಳ ತೋಳು ಸೋತದ್ದು ಕಂಡಾಗ ಗರಗಸ ಇಸಿದುಕೊಂಡು ತಾನೇ ಕೊಯ್ಯತೊಡಗಿದ.

ಗುರುವಾರ ಎಲೈಹು ಬಂದ. ಬಗ್ಗಿ ಮೇಜಿನ ಕಾಲು ನೋಡಿದ, ಸರಿಯಾಗಿದ್ದವು. ತಲೆ ಎತ್ತಿದ. ಕಿರೀಟ ಕಾಣಲಿಲ್ಲ. ಅವನ ಮುಖ ಅರಳಿತು.

“ಕೊಯ್ದೇಬಿಟ್ಟೆಯಲ್ಲ ಅಕ್ಕಾ!”

“ಮೇಲೆ ಹೋಗಿ ನೋಡು.”

ಹೋದ. ಮಂಚದ ಪಕ್ಕ ನೆಲದಿಂದ ಕಿರೀಟ ಇಡಿಯಾಗಿ ಎದ್ದು ನಿಂತಿತ್ತು. ಅದರ ತುದಿಗೆ ಆಸಹೆಲ್ ತನ್ನ ಟೋಪಿ ನೇತುಹಾಕಿದ್ದ. ಎಲೈಹು ಕೆಳಗಿಳಿದಾಗ ಅಕ್ಕ ಮೇಜಿನ ಮುಚ್ಚಳ ಇಳಿಸಿ, ಶಾಯಿ, ಲೇಖನಿ ಇಟ್ಟುಕೊಂಡು ಕೂತಿದ್ದಳು.

“ಇವತ್ತು ಬೇಡ ಅಕ್ಕಾ. ಮಳೆ ಬರೋ ಹಾಗಿದೆ, ಒಣಗಿದ ಹುಲ್ಲೆಲ್ಲ ಹೊರಗೇ ಇದೆ.”

“ನೆನೀಲಿ. ಕೂತ್ಕೋ.”

ಎಲೈಹು ಕೂತ. ಹಾಳೆಯ ಮೇಲೆ ಅವಳ ಹೆಸರನ್ನು ದೊಡ್ಡದಾಗಿ ಬರೆದು ಮುಂದಿಟ್ಟ. ಟ್ರೈಫೀನಾ ಲೇಖನಿ ಅದ್ದಿದಳು. ಮೊದಲ ಅಕ್ಷರ ಸೊಟ್ಟಗಾಯಿತು, ಎರಡನೆಯದರ ಮೇಲೆ ಶಾಯಿ ಸುರಿಯಿತು. ಅವಳಿಗೆ ಅಳು ಬಂತು. ತಮ್ಮ ಅವಳ ಕೈ ಹಿಡಿದು ತಿದ್ದಿಸಲು ಹೋದ.

ಅವಳು ಅವನ ಕೈ ಸರಿಸಿದಳು.

“ಹಿಡೀಬೇಡ ಕಣೋ. ನೀನು ಹಿಡಿದ್ರೆ ಅದು ನಿನ್ನ ಅಕ್ಷರ ಆಗುತ್ತೆ,” ಎಂದು ಇನ್ನೊಂದು ಹಾಳೆ ಎಳೆದುಕೊಂಡಳು.