ಹನ್ನೊಂದನೆಯ ದಿನದ ಎಲೆ

ಪ್ರದ್ಯುಮ್ನನ ಸ್ಕೂಟರ್ ಯಾವ ಬೀದಿಗೆ ತಿರುಗಿದರೂ ಜನ ಕೇಳುವ ಮೊದಲ ಮಾತು, "ಯಾರ ಮನೇಲಿ?" ಪಾಪ, ಅವನು ಕೊತ್ತಂಬರಿ ಸೊಪ್ಪಿಗೆ ಹೊರಟಿದ್ದರೂ ಅಷ್ಟೇ. ಅವನ ಕೆಲಸ ಅಂಥದ್ದು. ಬ್ರಾಹ್ಮಣರ ಮನೆಯಲ್ಲಿ ಯಾರಾದರೂ ಸತ್ತರೆ ಹನ್ನೊಂದನೆಯ ದಿನ ಸತ್ತವರ ಬದಲಿಗೆ ಒಬ್ಬನನ್ನು ಕೂರಿಸಿ ಉಣ್ಣಿಸುತ್ತಾರೆ. ಹಾಸನವಿರಲಿ, ಅರಕಲಗೂಡಿರಲಿ, ಚನ್ನರಾಯಪಟ್ಟಣವಿರಲಿ, ಆ ಪ್ರೇತದ ಎಲೆಯ ಮುಂದೆ ಕೂರುವವನು ಅವನೇ. ಅಪ್ಪನಿಂದ ಬಂದ ಆಸ್ತಿ ಅದೊಂದೇ. ಜಾತಿ ಅದೇ, ಜನಿವಾರ ಅದೇ, ಆದರೆ ಮದುವೆ ಮುಂಜಿಗೆ ಅವನನ್ನು ಕರೆದ ಪುಣ್ಯಾತ್ಮರು ಒಬ್ಬರೂ ಇಲ್ಲ.

ಇಂಥವನನ್ನು ಗೌತಮಿ ಪ್ರೀತಿಸಿದಳು. ಹಾಸನದಲ್ಲಿ ಕಾಲೇಜು ಉಪನ್ಯಾಸಕಿ, ಹೊಳೆನರಸೀಪುರದ ನಂಜುಂಡಯ್ಯನವರ ಒಬ್ಬಳೇ ಮಗಳು. ಒಮ್ಮೆ ಚನ್ನರಾಯಪಟ್ಟಣದಿಂದ ಪರೀಕ್ಷೆ ಡ್ಯೂಟಿ ಮುಗಿಸಿ ಬರುವಾಗ ಶಾಂತಿಗ್ರಾಮದಲ್ಲಿ ಬಸ್ಸು ಕೆಟ್ಟು ನಿಂತಿತ್ತು. "ಹಾಸನಕ್ಕಾ? ಬನ್ನಿ, ಬಿಡ್ತೀನಿ" ಅಂದ ಅದೇ ದಾರಿಯಲ್ಲಿ ಬಂದು ಸ್ಕೂಟರ್ ನಿಲ್ಲಿಸಿದ ಪ್ರದ್ಯುಮ್ನ. ಜೊತೆಯಲ್ಲಿದ್ದ ಲೆಕ್ಚರರಮ್ಮ ಇವಳ ಸೆರಗು ಹಿಡಿದೆಳೆದು, "ಹತ್ತಬೇಡ್ರೀ, ಅವನು ಹನ್ನೊಂದನೇ ದಿನದೋನು!" ಅಂದರು. ಆ ಮಾತಿಗೇ ಇವಳು ರೇಗಿ ಹತ್ತಿ ಕೂತುಬಿಟ್ಟಳು. ದಾರಿಯುದ್ದಕ್ಕೂ ಅವನು ನಗಿಸಿದ. ಆಮೇಲೆ ಎರಡು ವರ್ಷ ಯಾರು ಏನಂದರೂ ಅವಳು ಜಗ್ಗಲಿಲ್ಲ.

ನಂಜುಂಡಯ್ಯ ಕೂಗಾಡುವ ಜಾತಿಯಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆಯುವ ಜಾತಿ. ಪ್ರದ್ಯುಮ್ನ ಬಂದು ಹೆಣ್ಣು ಕೇಳಿದ ಮೇಲೂ ಮಗಳಿಗೆ "ನೋಡೋಣ ಬಿಡಮ್ಮ" ಅನ್ನುತ್ತಲೇ ಕಾಲ ತಳ್ಳಿದರು. ಪ್ರದ್ಯುಮ್ನ ಅವಳಿಗಾಗಿ ಯುಗಾದಿಯಿಂದ ಒಂದು ಎಲೆಗೂ ಕೂರದೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಅಷ್ಟರಲ್ಲಿ ನಂಜುಂಡಯ್ಯನವರ ತಾಯಿ ಗೋದಮ್ಮ ತೀರಿಕೊಂಡರು. ತಾಯಿಯಿಲ್ಲದ ಗೌತಮಿಯನ್ನು ಎತ್ತಿ ಆಡಿಸಿದ ಅಜ್ಜಿ.

"ಹನ್ನೊಂದನೇ ದಿನಕ್ಕೆ ಯಾರೂ ಸಿಗ್ತಿಲ್ಲ ಕಣಮ್ಮ" ಅಂದರು ನಂಜುಂಡಯ್ಯ, ಬಾಡಿದ ಮುಖ ಮಾಡಿಕೊಂಡು. "ಆ ಹುಡುಗನ್ನ ಕೇಳ್ತೀಯಾ? ಕಷ್ಟಕ್ಕಾದೋನೇ ಅಲ್ವೇ ನಮ್ಮವನು."

ನಮ್ಮವನು! ಅಪ್ಪನ ಬಾಯಲ್ಲಿ ಆ ಮಾತು! ಗೌತಮಿ ಆಗಲೇ ಫೋನ್ ಹಚ್ಚಿದಳು.

"ಬೇಡ ಗೌತಮಿ" ಅಂದ ಅವನು. "ಬೇರೆ ಯಾರ ಮನೆಗಾದ್ರೂ ಸರಿ. ಉಂಡ ಮನೆಗೆ ನಾವು ಮತ್ತೆ ಕಾಲಿಡೋ ಹಾಗಿಲ್ಲ."

"ಅಯ್ಯೋ, ಅದೆಲ್ಲ ಯಾವ ಕಾಲದ್ದು! ಅಪ್ಪನೇ ಬಾಯಿಬಿಟ್ಟು ಕೇಳ್ತಿರೋವಾಗ ನಿಂದೇನೋ ಶಾಸ್ತ್ರ? ಇವತ್ತು ನೀನು ಕಷ್ಟಕ್ಕಾದ್ರೆ ನಾಳೆ ಯಾವ ಬಾಯಲ್ಲಿ ಬೇಡ ಅಂತಾರೆ? ನನ್ನ ಮೇಲೆ ಪ್ರೀತಿ ಇದ್ರೆ ಬಾ."

ಇನ್ನೇನು ಮಾಡಿಯಾನು, ಬಂದ.

ಹೊಳೆದಂಡೆಯಲ್ಲಿ ಆಗಬೇಕಾದ ಕೆಲಸವನ್ನು ನಂಜುಂಡಯ್ಯ ಹಟ ಹಿಡಿದು ಮನೆಯ ಹಿತ್ತಿಲಲ್ಲೇ ಇಟ್ಟುಕೊಂಡಿದ್ದರು. ಮಗಳೂ ನಂಟರೂ ಎದುರಿಗೇ ನಿಂತಿದ್ದರು. ಪ್ರದ್ಯುಮ್ನ ತಲೆ ಬಗ್ಗಿಸಿ ಉಂಡ. ಉಂಡ ಮೇಲೆ ದಾನ ಕೊಟ್ಟರು: ಕೊಡೆ, ಚೆಂಬು, ಗೋದಮ್ಮ ಕೊನೆಯವರೆಗೂ ಹೊದ್ದ ಕಂದು ಶಾಲು. ಶಾಲನ್ನು ನಂಜುಂಡಯ್ಯ ತಾವೇ ಅವನ ಹೆಗಲಿಗೆ ಹೊದಿಸಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಬಾಯಿ ತೆಗೆದರು.

"ಮಗಳನ್ನ ಕೇಳಿದ್ಯಲ್ಲಪ್ಪ, ಈಗ ಹೇಳ್ತೀನಿ ಕೇಳು. ನನ್ನ ತಾಯಿ ಸ್ಥಾನದಲ್ಲಿ ಕೂತು ಉಂಡಿದ್ದೀಯ. ಅಜ್ಜಿಗೆ ಮೊಮ್ಮಗಳನ್ನ ಹೇಗಪ್ಪಾ ಧಾರೆ ಎರೆದು ಕೊಡೋದು?"

ನಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪುರೋಹಿತರಿಗೆ ಮಾತ್ರ ಮುಜುಗರವಾಯಿತು.

"ಯಾರನ್ನೂ ಕೂರಿಸದೆ ಆ ಅನ್ನಾನ ಅಗ್ನಿಗೆ ಹಾಕಿದ್ರೂ ನಡೆಯುತ್ತೆ, ಈಗೆಲ್ಲ ಹಾಗೇ ಮಾಡ್ತಾರೆ ಅಂತ ನಾನು ಹೇಳಿದ್ದೆನಲ್ಲ ನಂಜುಂಡಯ್ಯನವರೇ. ಈ ಹುಡುಗನೇ ಆಗಬೇಕು ಅಂದೋರು ನೀವು."

"ಹೌದು, ನಾನೇ ಅಂದೆ" ಅಂದರು ನಂಜುಂಡಯ್ಯ.

ಹಿತ್ತಿಲು ಗುಡಿಸಲು ಬಂದಿದ್ದ ಮಾದಮ್ಮ ಬೇಲಿಯಾಚೆ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ನನ್ನವ್ವ, ನಮ್ಮುನ್ನ ಒಳೀಕೆ ಸೇರ್ಸಲ್ಲ, ಅದು ಗೊತ್ತಿರಾದೇ. ನಿಮ್ಮೋರ್ಗೇ ನೀವು ಇಂಗ್ ಮಾಡೀರಾ?"

ಪುರೋಹಿತರು ದರ್ಭೆ ಎತ್ತಿಡುತ್ತ, "ಅವನು ಹೊರಡೋವಾಗ ಯಾರೂ ಮುಖ ನೋಡಬಾರದು. ಎಲ್ಲರೂ ಬೆನ್ನು ತಿರುಗಿಸಿ" ಅಂದರು. ನಂಟರೆಲ್ಲ ಗೋಡೆಯ ಕಡೆ ತಿರುಗಿದರು. ನಂಜುಂಡಯ್ಯನವರೂ ತಿರುಗಿದರು. ಗೌತಮಿ ಒಬ್ಬಳೇ ಅವನ ಎದುರಿಗೆ ನಿಂತಿದ್ದಳು.

"ಗೌತಮಿ, ಬಾ" ಅಂದ ಪ್ರದ್ಯುಮ್ನ. "ಈ ಮನೆಗೆ ನಾನು ಬರೋ ಹಾಗಿಲ್ಲ. ನೀನು ಹೊರಗೆ ಬರಬಹುದಲ್ಲ? ಬಾ, ಗಾಡಿ ಇದೆ."

ಎರಡೇ ಹೆಜ್ಜೆ. ಹೊರಡಬೇಕೆಂದೇ ಕಾಲೆತ್ತಿದಳು. ಅಪ್ಪನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು. ಆದರೆ ಅವನ ಹೆಗಲ ಮೇಲೆ ಅಜ್ಜಿಯ ಶಾಲು. ತುಟಿಯ ಪಕ್ಕ ಆ ಎಲೆಯ ಒಂದು ಅಗುಳು. ಅಜ್ಜಿಯ ಹಾಸಿಗೆಯ ವಾಸನೆ ಅವಳ ಮೂಗಿಗೆ ಬಡಿಯಿತು. ಅವಳಿಗೆ ಅಸಹ್ಯವಾಯಿತು. ಇವನ ಮೇಲೆ, ತಾನೇ ಕರೆಸಿದ ಇವನ ಮೇಲೆ! ಥೂ ನನ್ನ ಜನ್ಮಕ್ಕೆ, ಅಂದುಕೊಂಡಳು. ಅಂದುಕೊಳ್ಳುತ್ತಲೇ ಗೋಡೆಯ ಕಡೆ ತಿರುಗಿದಳು.

"ಗೌತಮಿ" ಅಂದ ಇನ್ನೊಂದು ಸಲ. ಅವಳು ಮಿಸುಕಲಿಲ್ಲ. ಸ್ಕೂಟರ್ ಮೊದಲ ಒದೆತಕ್ಕೆ ಹತ್ತಲಿಲ್ಲ, ಆಮೇಲೆ ಹತ್ತಿಕೊಂಡು ಬೀದಿಯ ಕೊನೆಗೆ ಹೋಯಿತು.

"ಇನ್ನು ತಿರುಗಬಹುದು. ಎಲ್ಲರೂ ತಲೆಗೆ ನೀರು ಹಾಕ್ಕೊಳ್ಳಿ" ಅಂದರು ಪುರೋಹಿತರು.

ಎಲ್ಲರಿಗಿಂತ ಮೊದಲು ಬಚ್ಚಲಿಗೆ ಓಡಿದವಳು ಗೌತಮಿಯೇ.