ಖಾಲಿ ಬಿಟ್ಟ ಸಾಲು

ಬಂಗಾರಪೇಟೆಯ ಬಸ್ಸು ಹತ್ತಿದರೂ ಸರಿ, ಮದುವೆಯ ಪಂಕ್ತಿಯಲ್ಲಿ ಕುಳಿತರೂ ಸರಿ, ಸೆಲ್ವರಾಜ್ ಮೊದಲು ತಲೆ ಎಣಿಸುತ್ತಾರೆ. ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಕೆಳಗಿಳಿದವರೆಷ್ಟು, ಮೇಲೆ ಬಂದವರೆಷ್ಟು ಎಂದು ಬರೆದಿಡುತ್ತಿದ್ದ ಗುಮಾಸ್ತರು ಅವರು. ಗಣಿ ಮುಚ್ಚಿ ಕಾಲು ಶತಮಾನವಾದರೂ ಆ ಕಣ್ಣಿಗೆ ನಿವೃತ್ತಿ ದೊರೆತಿಲ್ಲ. ಮೊಣಕೈ ಸವೆದ ಖಾಕಿ ಕೋಟು, ಬಾಗಿಲು ಎಷ್ಟೇ ಎತ್ತರವಿರಲಿ ತಲೆ ತಗ್ಗಿಸಿಯೇ ದಾಟುವ ನಡಿಗೆ, ಮಾತಿಗೊಮ್ಮೆ "ಸರಿಯಾ?"

ಕಲ್ಲುಧೂಳಿಗೆ ಶ್ವಾಸಕೋಶವನ್ನು ಒಪ್ಪಿಸಿ ಕುಳಿತ ಹಳೆಯ ಕಾರ್ಮಿಕರ ಮನೆಗಳಿಗೆ ವಾರವಾರ ಗಾಡಿಯಲ್ಲಿ ಆಮ್ಲಜನಕದ ಸಿಲಿಂಡರ್ ಕಳಿಸುವ ಸಣ್ಣ ಸೇವಾಸಂಘವೊಂದು ಉರಿಗಾಂನಲ್ಲಿದೆ; ಅದರ ಪಟ್ಟಿ ಈಗ ಇವರ ಸುಪರ್ದಿ. ಅರವತ್ತೈದರಲ್ಲಿ ಕಂಪ್ಯೂಟರ್ ಕಲಿತು, ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಎಕ್ಸೆಲ್‌ನಲ್ಲೊಂದು ಸೂತ್ರ ಕಟ್ಟಿದರು: ಹೆಸರುಗಳೆಷ್ಟಿವೆಯೋ ತಾನೇ ಎಣಿಸಿ, ಮೇಲಿನಿಂದ ಅಷ್ಟು ಸಾಲುಗಳನ್ನು ಗಾಡಿಯ ಪಟ್ಟಿಗೆ ಎಳೆದುಕೊಳ್ಳುವ ಸೂತ್ರ. ಕೆಳಗೆ ಹೊಸ ಹೆಸರು ಸೇರಿದರೆ ಪಟ್ಟಿ ತಾನಾಗಿಯೇ ಬೆಳೆಯುತ್ತಿತ್ತು. ಆಗ ಅವರ ಮೀಸೆಯನ್ನು ನೋಡಬೇಕಿತ್ತು!

ಕಳೆದ ತಿಂಗಳು ಪಟ್ಟಿಯಲ್ಲಿದ್ದ ಕೋದಂಡಪ್ಪ ತೀರಿಕೊಂಡರು. ಸೂತ್ರ ಬಂದ ಮೇಲಿನ ಮೊದಲ ಸಾವು. ಸೆಲ್ವರಾಜ್ ಹೆಸರನ್ನು ಅಳಿಸಿದರು, ಸಾಲನ್ನು ಮಾತ್ರ ಕಿತ್ತುಹಾಕಲಿಲ್ಲ. "ಇಪ್ಪತ್ತು ವರ್ಷ ಜೊತೇಲಿದ್ದೋನು. ಅವನ ಜಾಗದಾಗೆ ಇನ್ನೊಬ್ರು ಬೇಡಮ್ಮ, ಸರಿಯಾ?" ಎಂದು, ಸಾಲನ್ನೂ ತೆಗೆಯಿರಿ ಎಂದ ಸಂಘದ ನರ್ಸ್ ಸುಮಿತಾಳ ಬಾಯಿ ಮುಚ್ಚಿಸಿದರು.

ಮರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾಮಸಮುದ್ರದ ಕಡೆಯಿಂದ ಫೋನು ಬಂತು, ಹಳೆಯ ಕಾರ್ಮಿಕ ಚಿಕ್ಕಮುನಿಯಪ್ಪನ ಸೊಸೆ ವೆಂಕಟರತ್ನಮ್ಮನದು. "ಗಾಡಿ ನಮ್ಮನೆ ಮುಂದೇನೇ ಓಯ್ತು ಸಾರ್. ಪಟ್ಟೀಲಿ ಎಸ್ರೇ ಇಲ್ವಂತೆ! ಸಿಲಿಂಡ್ರಿನ ಮೀಟ್ರು ಮುಳ್ಳು ಕೆಂಪಿಗೆ ಬಂದೈತೆ, ಮಾವ ಮೀನಿನಂಗೆ ಬಾಯಿ ಬಿಡ್ತಾವ್ರೆ!"

ಸೆಲ್ವರಾಜ್ ಕಂಪ್ಯೂಟರ್‌ನತ್ತ ತಿರುಗಿದರು. ಪರದೆಯಲ್ಲಿ ಸಾಲುಗಳು ನಲವತ್ತೆರಡು, ಹೆಸರುಗಳು ನಲವತ್ತೊಂದು. ಸೂತ್ರ ನಲವತ್ತೊಂದನ್ನು ಎಣಿಸಿ ನಲವತ್ತೊಂದನೆಯ ಸಾಲಿಗೇ ನಿಂತುಬಿಟ್ಟಿತ್ತು. ಕೋದಂಡಪ್ಪನ ಖಾಲಿ ಸಾಲು ಒಳಗೆ, ಕಟ್ಟಕಡೆಯ ಚಿಕ್ಕಮುನಿಯಪ್ಪ ಹೊರಗೆ. ಗಾಡಿಯ ಚಾಲಕನ ಫೋನು ಸಿಗಲೊಲ್ಲದು. ಮೂಲೆಯಲ್ಲಿದ್ದ ಹೆಚ್ಚುವರಿ ಸಿಲಿಂಡರನ್ನು ಆಟೋಗೆ ಹಾಕಿಸಿ, ಸುಮಿತಾಳನ್ನು ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಅವರು ಏನನ್ನೂ ಎಣಿಸಲಿಲ್ಲ.

ಅವರು ತಲುಪಿದಾಗ ಚಿಕ್ಕಮುನಿಯಪ್ಪನ ತುಟಿ ನೀಲಿಗಟ್ಟಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಸುಮಿತಾ ಕೊಳವೆ ಸಿಕ್ಕಿಸಿದಳು. ಹತ್ತು ನಿಮಿಷ, ಹದಿನೈದು ನಿಮಿಷ. ಸೆಲ್ವರಾಜ್ ಗೋಡೆ ಹಿಡಿದು ನಿಂತೇ ಇದ್ದರು. ಕೊನೆಗೆ ಮುದುಕ ಕಣ್ಣು ತಿರುಗಿಸಿ ಅವರನ್ನು ಗುರುತಿಸಿದ.

"ಎಣಿಸ್ಕಳ್ಲಾ ಸೆಲ್ವಾ," ಎಂದ, "ಇನ್ನಾ ಇವ್ನಿ."

ಸೂತ್ರವನ್ನು ಅವರು ಅಂದೇ ತಿದ್ದಿದರು. ಈಗದು ಕೊನೆಯ ಹೆಸರು ಯಾವ ಸಾಲಿನಲ್ಲಿದೆಯೆಂದು ಹುಡುಕಿ, ಅಲ್ಲಿಯವರೆಗೂ ಹೋಗುತ್ತದೆ. ಕೋದಂಡಪ್ಪನ ಸಾಲು ಇಂದಿಗೂ ಖಾಲಿಯಾಗಿಯೇ ಇದೆ. ಜನರ ಲೆಕ್ಕವನ್ನು ಎದೆಯಲ್ಲಿಟ್ಟುಕೊಂಡ ಇಂಥ ಜೀವಗಳು ಹೋದವರನ್ನು ಬಿಟ್ಟುಕೊಡಲಾರವು. ಆ ಮಮತೆಯ ಬೆಲೆಯನ್ನು ತೆರಬೇಕಾದವನು ಮಾತ್ರ ಸಾಲಿನ ತುದಿಯಲ್ಲಿ ಉಸಿರು ಹಿಡಿದು ಕಾಯುತ್ತಿರುತ್ತಾನೆ.